ಗಂಗವ್ವನ ಮೆಟ್ಟಿಲಿಗೆ ಉಳಿ

ಹಾನಗಲ್ಲ ತಾಲೂಕಿನ ಒಂದು ಹಳ್ಳಿಯ ಬಾವಿಗೆ ಹದಿನಾಲ್ಕು ಕಲ್ಲಿನ ಮೆಟ್ಟಿಲು. ಅದರಲ್ಲಿ ಮೇಲಿನಿಂದ ಏಳನೆಯದಕ್ಕೆ ಮಾತ್ರ ಹೆಸರಿತ್ತು, ಬಾವಿಯ ದೇವತೆ ಗಂಗವ್ವನ ಮೆಟ್ಟಿಲು. ಪ್ರತಿ ಅಮಾವಾಸ್ಯೆಗೆ ಅದಕ್ಕೆ ಅರಿಶಿಣ, ಕುಂಕುಮ, ಒಂದು ಬಟ್ಟಲು ಎಣ್ಣೆ ಸಲ್ಲಬೇಕು. ಎಷ್ಟು ತಲೆಮಾರಿನ ಕಾಲು ತಿಕ್ಕಿತ್ತೋ, ಎಷ್ಟು ಎಣ್ಣೆ ಕುಡಿದಿತ್ತೋ, ಬಿಸಿಲು ಬಿದ್ದರೆ ಆ ಕಲ್ಲು ಪಳಪಳ ಹೊಳೆಯುತ್ತಿತ್ತು.

ಎಣ್ಣೆ ಹೊಯ್ಯುವ ಹೊಣೆ ಫಕ್ಕೀರವ್ವನ ಮನೆಯದು. ಹಾಗೆ ಹೊಯ್ಯುವ ಮನೆಯವರು ಆ ಮೆಟ್ಟಿಲನ್ನು ತುಳಿಯಬಾರದು, ದಾಟಿ ಇಳಿಯಬೇಕು. ಅತ್ತೆ ಹೇಳಿಕೊಟ್ಟ ಈ ಕಟ್ಟಳೆಯನ್ನು ಫಕ್ಕೀರವ್ವ ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ. ಮೊದಲೇ ಆಕೆ ಅಂಜುಬುರುಕಿ. ಬಾಗಿಲು ಕಿರ್ರೆಂದರೂ ಎದೆ ಹಿಡಿದುಕೊಳ್ಳುವ ಜೀವ.

ಆ ವರ್ಷ ಅಂಜಿಕೆಗೆ ಕಾರಣವೂ ಸಿಕ್ಕಿತು. ಮಗಳು ಸರೋಜವ್ವ ಸೀಮಂತದ ಕುಬುಸ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅದೇ ವಾರ ಪಕ್ಕದ ಮನೆಯ ವೀರವ್ವ ಗಂಗವ್ವನ ಮೆಟ್ಟಿಲ ಮೇಲೆ ಜಾರಿ ಬಿದ್ದು ಮೊಣಕೈ ಮುರಿದುಕೊಂಡಳು. ಗಂಗವ್ವ ಮುನಿದಳೆಂದು ಫಕ್ಕೀರವ್ವ ಎರಡು ಬಟ್ಟಲು ಎಣ್ಣೆ ಹೊಯ್ದಳು. ಮರುವಾರ ಇನ್ನೊಬ್ಬಳು ಜಾರಿದಳು. ಫಕ್ಕೀರವ್ವ ಮೂರು ಬಟ್ಟಲು ಮಾಡಿ, ಅಮಾವಾಸ್ಯೆಯ ಜೊತೆಗೆ ಸೋಮವಾರವನ್ನೂ ಸೇರಿಸಿದಳು. ಪಾಪ, ಆಕೆಯನ್ನು ನೋಡಿ ನಗಬೇಡಿ. ಹೆದರಿದಾಗ ನಾವೂ ಗೊತ್ತಿದ್ದದ್ದನ್ನೇ ಇನ್ನಷ್ಟು ಮಾಡುತ್ತೇವೆ.

ಸರೋಜವ್ವನಿಗೆ ಬಾವಿಯ ಕಡೆ ಹೆಜ್ಜೆ ಇಡಬೇಡವೆಂದು ತಾಕೀತಾಗಿತ್ತು. ಆದರೆ ಹೆರಿಗೆಯಾದ ಮೇಲೆ ಬಾಣಂತಿ ಬಾವಿಗಿಳಿದು ಗಂಗೆಯನ್ನು ಪೂಜಿಸಿ ಕೊಡ ತುಂಬಿಕೊಂಡು ಬರಲೇಬೇಕಲ್ಲ. ಕೊಟ್ಟ ಮನೆಗೆ ಹೋದ ಮಗಳಿಗೆ ದಾಟುವ ಕಟ್ಟಳೆ ಇಲ್ಲ, ಆಕೆ ತುಳಿದೇ ಇಳಿಯಬೇಕು. ಹಸಿಮೈಯ ಮಗಳು ಕೊಡ ಹೊತ್ತು ಆ ಕಲ್ಲಿನ ಮೇಲೆ ಕಾಲಿಡುವುದನ್ನು ನೆನೆದರೆ ಫಕ್ಕೀರವ್ವ ನಡುರಾತ್ರಿ ಎದ್ದು ಕೂರುತ್ತಿದ್ದಳು.

ಹೀಗಿರುವಾಗ ಸವಣೂರಿನ ಮರಿಯಮಬಿ ಬಂದಳು. ವರ್ಷಕ್ಕೆರಡು ಸಲ ಊರೂರು ತಿರುಗಿ, ಸವೆದ ಬೀಸುಕಲ್ಲಿಗೆ ಉಳಿಯಿಂದ ಸಣ್ಣ ಸಣ್ಣ ಕಚ್ಚು ಹೊಡೆದು ಒರಟು ಮಾಡುವುದು ಆಕೆಯ ಕಸುಬು. ಅಂಗಳದಲ್ಲಿ ಕೂತು ಕಲ್ಲು ಹೊಡೆಯುತ್ತಲೇ ಫಕ್ಕೀರವ್ವನ ಮುಖ ನೋಡಿದಳು.

"ಅಕ್ಕಾರ, ಯಾಕ ಹಿಂಗ ಸೊರಗೀರಿ? ಮಗಳು ಬಂದಾಳ, ನಗನಗತಾ ಇರಬೇಕಲ್ರಿ."

ಫಕ್ಕೀರವ್ವ ಎಲ್ಲವನ್ನೂ ಹೇಳಿದಳು. ಮರಿಯಮಬಿ ಉಳಿ ಕೆಳಗಿಟ್ಟಳು.

"ಗಂಗವ್ವ ಸಿಟ್ಟಾಗಿಲ್ರಿ. ಕಲ್ಲು ಸವದೈತಿ, ಮ್ಯಾಲ ಎಣ್ಣಿ ಬಿದ್ದೈತಿ. ಈ ಬೀಸುಕಲ್ಲಿಗೆ ಮಾಡಿದ್ದ ಅದಕ್ಕೂ ಮಾಡಿದ್ರ ಆತು."

"ಬ್ಯಾಡವ್ವಾ, ಪೂಜಿ ಮಾಡೋ ಕಲ್ಲಿಗೆ ಕಬ್ಬಣ ಮುಟ್ಟಸೋದ? ನನ್ನ ಮಗಳು ಬಸರ್ಯಾಗ ಅದಾಳ."

"ಸರೋಜವ್ವನ ಮದುವ್ಯಾಗ ಈ ಬೀಸುಕಲ್ಲಿಗೆ ಅರಿಶಿಣ ಹಚ್ಚಿ, ಕಂಕಣ ಕಟ್ಟಿ ಕೈ ಮುಗಿಲಿಲ್ಲೇನ್ರಿ? ಅದಕ್ಕ ನಾ ವರ್ಷಾ ಉಳಿ ಹೊಡಿತೇನಿ. ಅದು ನಿಮ್ಮ ಮ್ಯಾಲ ಯಾವಾಗರ ಮುನದೈತೇನು?"

ಫಕ್ಕೀರವ್ವ ಬೀಸುಕಲ್ಲಿನ ಕಡೆ ನೋಡಿದಳು. ಆದರೂ ತಲೆ ಅಲ್ಲಾಡಿಸಿದಳು. "ಕಲ್ಲು ಒಡದು ಹೋದ್ರ?"

"ಮೊದಲ ಬಾವಿಗೆ ಹೋಗಿ ನೋಡೂಣು ನಡೀರಿ."

ಇಬ್ಬರೂ ಬಾವಿಗೆ ಇಳಿದರು. ಫಕ್ಕೀರವ್ವ ಅಭ್ಯಾಸದಂತೆ ಏಳನೆಯ ಮೆಟ್ಟಿಲು ದಾಟಲು ಸೀರೆ ಎತ್ತಿದಳು.

"ದಾಟಬ್ಯಾಡ್ರಿ," ಎಂದಳು ಮರಿಯಮಬಿ. "ನಿಮ್ಮ ಮಗಳು ನಿಂದ್ರೋ ಜಾಗಾದಾಗ ಒಮ್ಮೆ ನೀವು ನಿಂತು ನೋಡ್ರಿ. ನಾ ಕೈ ಹಿಡದೇನಿ."

ಫಕ್ಕೀರವ್ವ ಎತ್ತಿದ ಸೀರೆ ಕೆಳಗೆ ಬಿಟ್ಟಳು. ಕಲ್ಲಿಗೆ ಕೈ ಮುಗಿದು, ಮೇಲಿನ ಮೆಟ್ಟಿಲುಗಳಲ್ಲಿ ಚೆಲ್ಲಿದ್ದ ನೀರಿಗೆ ತೋಯ್ದ ಬಲಗಾಲು ಇಟ್ಟಳು. ಇಟ್ಟದ್ದಷ್ಟೇ ಗೊತ್ತು. ಕಾಲು ಸರ್ರನೆ ಮುಂದೆ ಹೋಯಿತು, ಕೆಳಗಿನ ಕಪ್ಪು ನೀರು ಮುಖಕ್ಕೆ ಬಂದಂತಾಯಿತು. ಮರಿಯಮಬಿ ರಟ್ಟೆ ಹಿಡಿದು ಎಳೆಯದಿದ್ದರೆ ಆಕೆಯೂ ವೀರವ್ವನ ದಾರಿಯನ್ನೇ ಹಿಡಿಯುತ್ತಿದ್ದಳು.

ಮೇಲಿನ ಮೆಟ್ಟಿಲ ಮೇಲೆ ಕುಸಿದು ಕೂತು ಫಕ್ಕೀರವ್ವ ಬಹಳ ಹೊತ್ತು ಅತ್ತಳು. ಇಪ್ಪತ್ತೆರಡು ವರ್ಷ ದಾಟಿ ದಾಟಿ ಹೋದವಳಿಗೆ ಉಳಿದವರ ಕಾಲಿನ ಕಷ್ಟ ತಿಳಿದೇ ಇರಲಿಲ್ಲ.

"ವೀರವ್ವನ ಕೈ ನಾನ ಮುರದೆ, ಮರಿಯಮಬಿ. ಇನ್ನ ಮಗಳದೂ ನನ್ನ ಕೈಯಾರ ಆಗತಿತ್ತು," ಎಂದು ಕಣ್ಣೊರೆಸಿಕೊಂಡಳು. "ಹೊಡಿಯವ್ವಾ. ಗಂಗವ್ವನ ಕಾಲು ಹಿಡಕೊಂಡು ಅಪ್ಪಣಿ ನಾನ ಕೇಳತೇನಿ."

ಮೊದಲು ಬೂದಿ ಮತ್ತು ಸೀಗೆಪುಡಿ ಹಾಕಿ, ಬಿಸಿನೀರಿನಲ್ಲಿ ಎಣ್ಣೆಯ ಜಿಡ್ಡೆಲ್ಲ ತಿಕ್ಕಿ ತೆಗೆದರು. ಕಲ್ಲಿನ ಧೂಳು ಎದೆಗೆ ಹೋಗದಂತೆ ಮರಿಯಮಬಿ ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಳು, ಕಲ್ಲಿಗೂ ನೀರು ಚಿಮುಕಿಸಿದಳು. ಸರೋಜವ್ವನನ್ನು ದೂರ ಮೇಲೆ ಕೂರಿಸಿದ್ದರು.

"ನೋಡ್ರಿ, ಚೂಪನ ಉಳಿ ಜರಾ ಓರೆ ಹಿಡೀಬೇಕು. ಜ್ವಾಳದ ಕಾಳಿನಷ್ಟ ಕಚ್ಚು, ಕಚ್ಚಿಗೂ ಕಚ್ಚಿಗೂ ನಡುವ ಒಂದು ಕಾಳಿನಷ್ಟ ಜಾಗಾ. ಆಳ ಹೊಡದ್ರ ನೀರು ನಿಂತು ಪಾಚಿ ಕಟ್ಟತೈತಿ. ಅಂಚಿಗೆ ಉಳಿ ಹಾಕಬಾರದು, ಅಂಚು ಚಕ್ಕಿಯಾಗಿ ಒಡದು ಹಾರತೈತಿ."

ಅಂಚಿಗೆಂದು ಆಕೆ ಚೀಲದಿಂದ ಬೇರೆ ಸುತ್ತಿಗೆ ತೆಗೆದಳು. ಅದರ ಮುಖದ ತುಂಬ ಸಾಲು ಸಾಲು ಹಲ್ಲು. ಅದನ್ನು ಹಗುರವಾಗಿ ಬಡಿಯುತ್ತ ಹೋದಂತೆ ಅಂಚೂ ಒರಟಾಯಿತು. ಪ್ರತಿ ಪೆಟ್ಟಿಗೆ ಫಕ್ಕೀರವ್ವ ಮಗಳ ಹೊಟ್ಟೆಯ ಕಡೆ ನೋಡುತ್ತಿದ್ದಳು. ಇಳಿಹೊತ್ತಿಗೆ ಕೆಲಸ ಮುಗಿಯಿತು. ಕಲ್ಲಿನ ಚೂರನ್ನೆಲ್ಲ ಗುಡಿಸಿ, ಒಂದು ಕೊಡ ನೀರು ಸುರುವಿ, ಫಕ್ಕೀರವ್ವ ಮೊದಲು ತಾನೇ ಮೆಟ್ಟಿಲ ಮೇಲೆ ನಿಂತಳು. ಅಂಗಾಲಿಗೆ ಕಲ್ಲು ಚುರುಚುರು ಹತ್ತಿತು, ಕಾಲು ಮಾತ್ರ ಕದಲಲಿಲ್ಲ.

ಎರಡು ತಿಂಗಳಿಗೆ ಸರೋಜವ್ವ ಹೆಣ್ಣುಮಗು ಹೆತ್ತಳು. ಗಂಗೆಪೂಜೆಯ ದಿನ ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತಿದಳು. ಏಳನೆಯದರ ಮೇಲೆ ಬಂದಾಗ ಫಕ್ಕೀರವ್ವ ಮೇಲಿನಿಂದಲೇ ಕೈ ಚಾಚಿದಳು. ಸರೋಜವ್ವ ಅಲ್ಲೇ ನಿಂತು ಸೆರಗು ಸರಿಮಾಡಿಕೊಂಡು, "ಯವ್ವಾ, ಕೂಸು ಎದ್ದಿತೇನು?" ಎಂದು ಕೇಳಿ ಮೇಲೆ ಬಂದಳು. ಮೆಟ್ಟಿಲಿಗೆ ಸಲ್ಲುತ್ತಿದ್ದ ಎಣ್ಣೆ ಈಗ ಬಾವಿಯ ಗೋಡೆಯ ಗೂಡಿನಲ್ಲಿ ದೀಪಕ್ಕೆ ಸಲ್ಲುತ್ತದೆ.

ಅಕ್ಕಂದಿರಾ, ತಾಯಂದಿರಾ, ನಿಮ್ಮ ಊರ ಬಾವಿಗೂ ಇಂಥ ಒಂದು ಮೆಟ್ಟಿಲು ಇದ್ದೀತು, ಬಚ್ಚಲಲ್ಲಿ ಇಂಥ ಒಂದು ಕಲ್ಲು ಇದ್ದೀತು. ಬೀಸುಕಲ್ಲು ಹೊಡೆಯುವವರು ಬಂದ ದಿನ ಅವರನ್ನು ಅಲ್ಲಿಗೂ ಕರೆದೊಯ್ಯಿರಿ. ಹೊಡೆದ ಬೀಸುಕಲ್ಲನ್ನು ತೊಳೆದು, ಮೊದಲ ಹಿಡಿ ಹಿಟ್ಟು ಚೆಲ್ಲುವುದನ್ನೂ ಮರೆಯಬೇಡಿರಿ, ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ. ಮೆಟ್ಟಿಲು ಚೆನ್ನಾಗಿದೆ ಎಂದು ದೂರದಿಂದ ಹೇಳಬೇಡಿರಿ. ಕೈ ಹಿಡಿಯಲು ಒಬ್ಬರನ್ನು ಜೊತೆಗಿಟ್ಟುಕೊಂಡು, ಕಾಲು ತೋಯಿಸಿಕೊಂಡು, ನಿಮ್ಮ ಮಗಳು ನಿಲ್ಲುವ ಜಾಗದಲ್ಲಿ ಇವತ್ತೇ ಒಮ್ಮೆ ನೀವು ನಿಂತು ನೋಡಿರಿ.