‘ರಿ’ ಎಂಬ ಒಂದಕ್ಷರ

ನನಗೆ ಬೇಕಾಗಿದ್ದು ಲಾರಿ ಓಡಿಸುವ ಕೆಲಸ, ಸಿಕ್ಕಿದ್ದು ಬರೀ ಮರ್ಯಾದೆ. ಮರ್ಯಾದೆಯಿಂದ ಯಾರ ಹೊಟ್ಟೆ ತುಂಬಿದೆ, ನೀವೇ ಹೇಳಿ.

ಅದು ಏಕೀಕರಣದ ವರ್ಷ. ಬೆಟಗೇರಿಯ ಚಹಾದಂಗಡಿಯಲ್ಲಿ ಯಾರ ಬಾಯಲ್ಲಿ ಕೇಳಿದರೂ ಅದೇ ಸುದ್ದಿ: ಮುಂಬೈಯವರು, ಹೈದರಾಬಾದಿನವರು, ಮೈಸೂರಿನವರು ಅನ್ನುವುದೆಲ್ಲ ಮುಗಿಯಿತು, ಇನ್ನು ಕನ್ನಡದವರೆಲ್ಲ ಒಂದೇ ಮನೆಯವರು. ನಾನು ಮುಳಗುಂದದ ಗುಡಿಯ ಪೂಜಾರಿಯ ಮಗ, ವಾಸುದೇವ. ಅಪ್ಪ ತೀರಿಕೊಂಡ ಮೇಲೆ ಪೂಜೆ ಪಾಂಡುರಂಗ ಕಾಕಾನ ಪಾಲಿಗೆ ಹೋಯಿತು, ಗುಡಿಯ ಹೊಲ ಉಳುವವರ ಪಾಲಿಗೆ ಹೋಯಿತು. ನನ್ನ ಪಾಲಿಗೆ ಉಳಿದದ್ದು ಅವ್ವ ತುಳಸಾಬಾಯಿ, ಮತ್ತು ಮತ್ತೆ ಮತ್ತೆ ಡುಮ್ಕಿ ಹೊಡೆದ ಮ್ಯಾಟ್ರಿಕ್. ಎಲ್ಲಾದರೂ ಮಾಸ್ತರಿಕೆ ಹುಡುಕು, ಕಾರಕೂನಿಕೆ ಹುಡುಕು ಎಂದು ಅವ್ವ ಜಪ ಮಾಡುತ್ತಿದ್ದಳು. ಡುಮ್ಕಿ ಹೊಡೆದವನಿಗೆ ಯಾರು ಮಾಸ್ತರಿಕೆ ಕೊಡುತ್ತಾರೆ? ಅದೂ ಅಲ್ಲದೆ ನನಗೆ ಲಾರಿಯ ಹುಚ್ಚು ಹಿಡಿದಿತ್ತು.

ಲಾರಿಯಲ್ಲಿ ಯಾರೂ ಬಂದ ದಿನವೇ ಸ್ಟೇರಿಂಗ್ ಹಿಡಿಯುವುದಿಲ್ಲ. ಮೊದಲು ಕ್ಲೀನರ್ ಆಗಬೇಕು. ಹ್ಯಾಂಡಲ್ ಹೊಡೆದು ಇಂಜಿನ್ ಚಾಲೂ ಮಾಡಬೇಕು, ನೀರು ಹೊರಬೇಕು, ಏರಿನಲ್ಲಿ ಗಾಡಿ ನಿಂತರೆ ಜಿಗಿದು ಹಿಂದಿನ ಗಾಲಿಗೆ ಕಟ್ಟಿಗೆಯ ತುಂಡು ಒಡ್ಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಉಸ್ತಾದನ ಕೈಯಲ್ಲಿ, ಅಂದರೆ ಡ್ರೈವರನ ಕೈಯಲ್ಲಿ, ಬೈಸಿಕೊಳ್ಳಬೇಕು. ಬೈಸಿಕೊಳ್ಳುತ್ತಲೇ ಕೆಲಸ ಬರುವುದು.

ಬೆಟಗೇರಿಯ ಲಾರಿ ಮಾಲಕ ಗಾಳೆಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಖಾಸಿಂಸಾಬನ ಸಂಗಾಟ ನಾಕು ದಿನ ಹೋಗಿ ಬರ್ರಿ ಆಚಾರ್ರ. ಅಂವ ಹೂಂ ಅಂದ್ರ ನೀವು ಕ್ಲೀನರ್. ಒಲ್ಲೆ ಅಂದ್ರ ನಾ ಏನೂ ಮಾಡಾಕ ಬರಂಗಿಲ್ಲ.”

ಲಕ್ಷ್ಮೇಶ್ವರದ ಖಾಸಿಂಸಾಬರ ಗಂಟಲು ಗದಗಿನ ಪೇಟೆಗೆಲ್ಲ ಗೊತ್ತಿತ್ತು. ಹಿಂದಿನ ಕ್ಲೀನರ್ ಯಂಕಪ್ಪನನ್ನು ಅವರು ಬೈಯುವಾಗ ಹತ್ತಿ ಅಂಗಡಿಯವರು ಲೆಕ್ಕ ನಿಲ್ಲಿಸಿ ಕೇಳುತ್ತಿದ್ದರಂತೆ. ಆ ಯಂಕಪ್ಪ ಈಗ ಸ್ವಂತ ಲೈಸನ್ಸ್ ಇರುವ ಡ್ರೈವರ್. ನಾನೂ ಬೈಸಿಕೊಳ್ಳಲು ಗಟ್ಟಿ ಮನಸ್ಸು ಮಾಡಿಕೊಂಡೇ ಹೋದೆ.

“ಬರ್ರಿ ಆಚಾರ್ರ, ಒಳಗ ಕುಂಡ್ರಿ. ಹ್ಯಾಂಡಲ್ ನಾ ಹೊಡೀತೀನಿ,” ಎಂದರು ಖಾಸಿಂಸಾಬರು.

“ನಾ ಹೊಡೀತೀನಿ ಉಸ್ತಾದ.”

“ಛೇ ಛೇ, ನಿಮ್ಮ ಕೈಲೆ ಮಾಡಸಾಕ ಬರತೈತೇನ್ರಿ? ಮುಳಗುಂದದಾಗ ನಿಮ್ಮ ತಂದಿಯವರ ಕೈಯಾಗಿನ ಪ್ರಸಾದ ತಿಂದು ಬೆಳದಂವ ನಾ.”

ಅಷ್ಟೂ ದಿನ ಹಾಗೇ ಆಯಿತು. ನೀರು ಅವರೇ ತಂದರು, ಗಾಜು ಅವರೇ ಒರೆಸಿದರು. ನಾನು ಬೀಗರ ಹಾಗೆ ಕೂತು ಶಿರಹಟ್ಟಿ, ಮುಂಡರಗಿ ನೋಡಿಕೊಂಡು ಬಂದೆ. ಮಧ್ಯಾಹ್ನ ಲಾರಿ ನಿಂತಾಗ ಅವರು ಗಾಡಿಯ ನೆರಳಲ್ಲಿ ಬುತ್ತಿ ಬಿಚ್ಚುವರು. ನಾನು ನನ್ನ ಗಂಟು, ನನ್ನ ತಂಬಿಗೆ ಹಿಡಿದು ದೂರದ ಗಿಡದ ಕೆಳಗೆ ಹೋಗುವೆ. ಅದು ರೂಢಿ, ಅದರಲ್ಲೇನಿದೆ ಅಂದುಕೊಂಡಿದ್ದೆ. ನನ್ನ ಸಿಟ್ಟೆಲ್ಲ ಅವರ ‘ರಿ’ಯ ಮೇಲೆ. ಬೀಗರಿಗೆ ಯಾರೂ ಡ್ರೈವರಿಕೆ ಕಲಿಸುವುದಿಲ್ಲ.

ಹಮ್ಮಿಗಿಯ ಹೊಳೆದಂಡೆಯಲ್ಲಿ ಶೇಂಗಾ ಚೀಲ ಹೇರಿಕೊಂಡು ಏರು ಹತ್ತುವಾಗ ಇಂಜಿನ್ ಬಂದ್ ಆಯಿತು. ಬ್ರೇಕು ಮೊದಲೇ ಸಡಿಲು. ಯಂಕಪ್ಪನಿದ್ದರೆ, ಉಸ್ತಾದರು “ಕಟಗಿ ಹಾಕ್ ಲೇ” ಅನ್ನುವುದರೊಳಗೆ ಜಿಗಿದು ಕಟ್ಟಿಗೆ ಒಡ್ಡುತ್ತಿದ್ದ. ಇಷ್ಟು ದಿನ ಬೀಗನಾಗಿ ಕೂತಿದ್ದ ನನಗೆ ಜಿಗಿಯಬೇಕೆಂದು ಹೊಳೆಯಲೇ ಇಲ್ಲ. ಖಾಸಿಂಸಾಬರು ಬ್ರೇಕು ಒತ್ತಿ ಹಿಡಿದು, ಬೆವರುತ್ತ, ನನ್ನ ಕಡೆ ತಿರುಗಿದರು.

“ಆಚಾರ್ರ, ಸಿಟ್ಟಾಗಬ್ಯಾಡ್ರಿ, ಒಂದೀಟು ತ್ರಾಸ ತಗೊಂಡು ಕೆಳಗ ಇಳದು, ಹಿಂದಿನ ಗಾಲಿಗೆ ಆ ಕಟಗಿ…”

ಮಾತು ಮುಗಿಯಲಿಲ್ಲ. ಲಾರಿ ಹಿಂದಕ್ಕೆ ಜಾರಿ ಜಾಲಿಗಿಡಕ್ಕೆ ಬಡಿದು ನಿಂತಿತು. ಗಿಡ ಇಲ್ಲದಿದ್ದರೆ ನಾವಿಬ್ಬರೂ ಹೊಳೆಯ ಪಾಲು. ಶೇಂಗಾ ಅಷ್ಟೂ ಇಳಿಜಾರಿನಲ್ಲಿ ಚೆಲ್ಲಿತ್ತು.

ಖಾಸಿಂಸಾಬರು ಬೆಟಗೇರಿಗೆ ಬಂದು ಮಾಲಕರಿಗೆ ಸುಳ್ಳು ಹೇಳಲಿಲ್ಲ.

“ತಪ್ಪು ಅವರದಲ್ಲರಿ. ಅವರಿಗೆ ‘ಲೇ’ ಅನ್ನಾಕ ನನ್ನ ನಾಲಿಗಿ ಹೊಳ್ಳಂಗಿಲ್ಲ. ಇಂಥವರನ್ನ ಇಟಗೊಂಡು ಗಾಡಿ ಹೊಡ್ಯಾಕ ನನಗ ಆಗಂಗಿಲ್ರಿ.”

ಅಲ್ಲಿಗೆ ನನ್ನ ಕೆಲಸ ಹೋಯಿತು. ಮರುದಿನ ನಾನು ನೆಟ್ಟಗೆ ಲಕ್ಷ್ಮೇಶ್ವರಕ್ಕೆ ಅವರ ಮನೆಗೆ ಹೋದೆ. ಅವರು ಗಡಬಡಿಸಿ ಎದ್ದು ಹೊರಸಿನ ಮೇಲೆ ಚಾದರ ಹಾಸಿದರು. ಅವರ ಹೆಂಡತಿ ದಿಲಶಾದಬಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಾನು ಕೂರಲಿಲ್ಲ. ನಿಂತೇ ಕೂಗಾಡಿದೆ.

“ನನಗ ‘ಲೇ’ ಅನ್ರಿ. ಯಂಕಪ್ಪಗ ಬೈದಂಗ ಬೈರಿ. ಅವಂಗೊಂದು ನ್ಯಾಯ, ನನಗೊಂದು ನ್ಯಾಯ ಏನು? ನಿಮ್ಮ ಮರ್ಯಾದಿ ತಗೊಂಡು ನಾ ಏನು ಮಾಡ್ಲಿ?”

ದಿಲಶಾದಬಿ ರೊಟ್ಟಿ ಹೆಂಚಿಗೆ ಹಾಕಿ ನನ್ನ ಕಡೆ ತಿರುಗಿದರು.

“ಒಂದು ಮಾತು ಕೇಳ್ತೀನ್ರಿ. ಇಷ್ಟು ದಿನ ಇವರ ಸಂಗಾಟ ತಿರಗ್ಯಾಡಿದ್ರಿ. ಒಂದು ದಿನಾರ ಒಂದ ಗಿಡದ ಬುಡಕ ಕುಂತು ಉಂಡೀರೇನು? ಉಣ್ಣಾಕ ಬ್ಯಾರೆ ಅಂತೀರಿ, ಬೈಸಿಕೊಳ್ಳಾಕ ಅಷ್ಟ ನಮ್ಮವರು ಅಂತೀರಿ. ಅದು ಹೆಂಗ ಆಗತೈತ್ರಿ?”

ದೂರದ ಗಿಡಕ್ಕೆ ನಡೆದು ಹೋದವನು ನಾನು. ಆ ದೂರದಿಂದ ‘ಲೇ’ ಎಂದು ಕರೆಯಲು ಅವರಿಗೆ ಹೇಗೆ ಬಂದೀತು? ಅವಮಾನವಾಯಿತು, ಸಿಟ್ಟೂ ಬಂತು; ಸಿಟ್ಟು ಬಂದದ್ದು ಮಾತು ಖರೆ ಇದ್ದದ್ದಕ್ಕೆ.

“ಒಂದು ರೊಟ್ಟಿ ಕೊಡ್ರಿ,” ಎಂದೆ.

“ನಿಮ್ಮ ತಾಯಿಗೆ ಗೊತ್ತಾದ್ರ?”

“ನಾನ ಹೇಳ್ತೀನಿ.”

ದಿಲಶಾದಬಿ ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೊಟ್ಟರು. ಮೊದಲ ತುತ್ತು ಕಣ್ಣು ಮುಚ್ಚಿ ನುಂಗಿದೆ. ಹೆದರಿಕೆಯಾಗಿತ್ತು, ಇಲ್ಲ ಅನ್ನುವುದಿಲ್ಲ. ಎರಡನೆಯ ತುತ್ತಿಗೆ ಹಸಿವು ಗೆದ್ದಿತು. ನೀರನ್ನೂ ಅವರ ತಂಬಿಗೆಯಿಂದಲೇ ಕುಡಿದೆ. ಖಾಸಿಂಸಾಬರು ಏನೋ ಹೇಳಲು ಹೊರಟು ತಡವರಿಸಿದರು.

“ನಾಳಿ… ಜಲ್ದಿ ಬರ್ರಿ… ಅಲ್ಲಲ್ಲ, ಬಾರಲೇ ಆಚಾರ್ರ.”

ದಿಲಶಾದಬಿ ಸೆರಗು ಬಾಯಿಗೆ ಹಿಡಿದು ನಕ್ಕರು. ಅವರೂ ನಕ್ಕರು, ನಾನೂ ನಕ್ಕೆ. ನನಗೆ ಕೆಲಸ ಸಿಕ್ಕಿತ್ತು.

ಸಂಜೆ ಮುಳಗುಂದಕ್ಕೆ ಬಂದು, ಕೈಕಾಲು ತೊಳೆಯುವ ಮೊದಲೇ ಅವ್ವನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಆಕೆ ಎರಡೂ ಮಾಡಲಿಲ್ಲ.

“ಕೆಲಸಾ ಗಟ್ಟಿ ಆತು?” ಎಂದಷ್ಟೇ ಕೇಳಿದಳು.

“ಆತವ್ವಾ. ನಾಳಿಂದ ಹೋಗಬೇಕು.”

ಆಕೆ ಒಳಗೆ ಹೋದಳು. ಪಾತ್ರೆಯ ಸಪ್ಪಳ ಬಹಳ ಹೊತ್ತು ಕೇಳಿಸಿತು. ಆಮೇಲೆ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ನನ್ನ ಮುಖ ನೋಡದೆ ಅಂದಳು:

“ಊಟಕ್ಕ ಬರ್ರಿ.”

ಹುಟ್ಟಿದಾಗಿನಿಂದ “ವಾಸ್ಯಾ, ಬಾರೋ” ಎಂದು ಕರೆದ ತಾಯಿ. ಎಲೆಯನ್ನು ಒಳಗೆ ಹಾಕಿರಲಿಲ್ಲ, ಪಡಸಾಲೆಯಲ್ಲಿ ಹಾಕಿದ್ದಳು.

“ಅವ್ವಾ, ನನಗ ‘ರಿ’ ಅನಬ್ಯಾಡ.”

“ಇನ್ನ ನೀವು ದುಡಿಯೋ ಗಂಡಸರಾದ್ರಿ. ಹಂಗ ಅನ್ಲಿಕ್ಕೆ ಬೇಕಲ್ಲ,” ಎಂದಳು.

ನಾನು ಪಡಸಾಲೆಯಲ್ಲಿ ಕೂತೆ. ಅವ್ವ ಸೌಟು ಎಲೆಗೆ ತಾಗದ ಹಾಗೆ ಎತ್ತರದಿಂದ ಅನ್ನ ಹಾಕಿದಳು. ಅಳು ಬಂತು. ಅಳುತ್ತಲೇ ಉಂಡೆ, ಬೆಳಿಗ್ಗೆ ಜಲ್ದಿ ಏಳಬೇಕಿತ್ತು.