ಮುಂದಿನ ಮನೆಯ ಪಾಳಿ

ಬೆಳಗಿನ ಹೊತ್ತು ಇಷ್ಟಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ಕೂತರೆ ಅದರ ತಂಪು ಸೂಗಮ್ಮನಿಗೆ ಮೊದಲೆಲ್ಲ ಮೊಣಕೈತನಕ ಏರುತ್ತಿತ್ತು. ಈಗ ಏನೂ ಏರುತ್ತಿರಲಿಲ್ಲ. ನೀರು ಎರೆದಳು, ವಿಭೂತಿ ಹಚ್ಚಿದಳು, ಪತ್ರಿ ಏರಿಸಿದಳು. ಯಾರದೋ ಕೈ ಇದನ್ನೆಲ್ಲ ಮಾಡುತ್ತಿದೆ, ತಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೇನೆ ಅನ್ನುವ ಹಾಗಿತ್ತು. ದೇವರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬರುವುದಕ್ಕೂ ಒಳಗೆ ಒಂದಿಷ್ಟು ಬಿಸಿ ಬೇಕಲ್ಲ.

ಗಂಡ ಗುರುಲಿಂಗ ತೀರಿಕೊಂಡದ್ದು ೨೦೦೭ರ ದಸರೆಗೆ ಮುಂಚೆ. ಸಂಜೆ ತನ್ನ ಕಿರಾಣಿ ಅಂಗಡಿಯ ಶಟರ್ ಎಳೆಯಲು ಕೈ ಎತ್ತಿದವನು ಎತ್ತಿದ ಕೈಯಲ್ಲೇ ಕುಸಿದಿದ್ದ. ಲಿಂಗವಂತರ ಮನೆ, ಸಾವಿಗೆ ಸೂತಕ ಹಿಡಿಯುವವರಲ್ಲ. ಮಣ್ಣು ಕೊಟ್ಟ ವಾರದೊಳಗೇ ಸೂಗಮ್ಮ ಬಸವಕಲ್ಯಾಣದ ಸ್ನಾತಕೋತ್ತರ ಕೇಂದ್ರದ ಗ್ರಂಥಾಲಯಕ್ಕೆ ಬಂದು, ತನ್ನ ಗ್ರಂಥಪಾಲಕಿಯ ಕುರ್ಚಿಯಲ್ಲಿ ಕೂತಳು. ಕಾಯಕ ಬಿಡಲಿಲ್ಲ ನೋಡ್ರಿ ಅಂತ ಊರು ಮೆಚ್ಚಿತು. ಆಕೆ ಕೂತಿದ್ದಳಷ್ಟೇ, ಕಾಯಕ ನಡೆದಿರಲಿಲ್ಲ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

ಆ ಗ್ರಂಥಾಲಯದಲ್ಲಿ ಒಂದು ಕಂಪ್ಯೂಟರ್ ಇತ್ತು. ಅದರೊಳಗೆ ದೇಶವಿದೇಶದ ಸಂಶೋಧನಾ ಪತ್ರಿಕೆಗಳನ್ನು ತೆರೆದು ಓದಬಹುದಾಗಿತ್ತು. ವಿಶ್ವವಿದ್ಯಾಲಯದವರು ಈ ಸೌಲಭ್ಯ ತರಿಸಿದಾಗ ಸಣ್ಣ ಊರುಗಳಿಗೆ ಒಂದೊಂದು ಕೊಡಲಾಗದೆ, ಎರಡೂರಿಗೆ ಸೇರಿಸಿ ಒಂದು ಕೊಟ್ಟಿದ್ದರು. ಬಸವಕಲ್ಯಾಣಕ್ಕೂ ಹುಮನಾಬಾದಿನ ಕಾಲೇಜಿಗೂ ಕೂಡಿ ಒಂದೇ ಸದಸ್ಯತ್ವ, ಒಂದೇ ಪಾಸ್‌ವರ್ಡ್. ಓದುವುದು ಎರಡೂ ಕಡೆಯವರು. ನೋಡಿಕೊಳ್ಳುವುದು ಮಾತ್ರ ಮೂರು ತಿಂಗಳು ಇವರು, ಮೂರು ತಿಂಗಳು ಅವರು. ಸಂಪರ್ಕ ಕೆಟ್ಟರೆ ದೂರು ಕೊಡಬೇಕು, ಪಾಸ್‌ವರ್ಡ್ ಬದಲಿಸಬೇಕು. ಅವಧಿ ಮುಗಿಯುವ ಮುಂಚೆ, ಯಾರ್‍ಯಾರು ಏನೇನು ಓದಿದರೆಂದು ತಿಳಿಸಿ ಮುಂದುವರಿಸಿರೆಂದು ಇ-ಮೇಲ್ ಕಳಿಸಬೇಕು. ಅದು ಗಡುವಿನೊಳಗೆ ಹೋಗದಿದ್ದರೆ ಬಾಗಿಲು ತಾನಾಗಿ ಮುಚ್ಚುತ್ತದೆ. ಮತ್ತೆ ತೆರೆಯುವುದು ಏಪ್ರಿಲ್‌ಗೆ, ಹೊಸ ವರ್ಷದ ಅನುದಾನ ಬಂದ ಮೇಲೆ.

ಹುಮನಾಬಾದಿನಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದವನು ನರಸಿಂಗ. ವಯಸ್ಸಿನಲ್ಲಿ ಸೂಗಮ್ಮನಿಗಿಂತ ಬಹಳ ಸಣ್ಣವನು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೊದಲ ಸಲ ಭೇಟಿಯಾದ ದಿನವೇ ಸೂಗಮ್ಮ ಅವನಿಗೆ ಹೇಳಿದ್ದಳು, "ಇದು ನಮ್ಮ ಹುಡಗಿ ಊರಿನ ಗುಡಿ ದೀಪದ ಪಾಳಿ ಇದ್ದಂಗ ನೋಡು ತಮ್ಮಾ. ದೀಪ ಒಂದೇ, ಎಣ್ಣಿ ಮನಿಮನೀದು."

"ಹೌದ್ರಿ ಅಕ್ಕಾ," ಅಂದಿದ್ದ ನರಸಿಂಗ. ಮೂರು ವರ್ಷ ಅದೇ ಮಾತಿನ ಮೇಲೆ ನಡೆದಿತ್ತು.

ಹುಡಗಿ ಎಂಬ ಆ ಊರು ಸೂಗಮ್ಮನ ತವರು. ಅಲ್ಲಿಯ ಗುಡಿಯ ದೀಪಕ್ಕೆ ತಿಂಗಳಿಗೊಂದು ಮನೆಯ ಎಣ್ಣೆ. ಪಾಳಿಯ ಮನೆಯಲ್ಲಿ ಸಾವಾದರೆ ಮುಂದಿನ ಮನೆಯವರು ಯಾರನ್ನೂ ಕೇಳದೆ ಆ ಸಂಜೆಯಿಂದಲೇ ದೀಪ ಹಚ್ಚುತ್ತಿದ್ದರು. ಇದರಲ್ಲಿ ಮೈಲಿಗೆಯ ಮಾತಿಲ್ಲ, ದುಃಖದ ಮನೆಯ ಕೈ ಏಳುವುದಿಲ್ಲ, ಅಷ್ಟೇ. ಸಣ್ಣವಳಿದ್ದಾಗ ಅವ್ವ ಹಾಗೆ ಸೆರಗಿನಡಿ ಎಣ್ಣೆಯ ಶೀಸೆ ಹಿಡಿದು ಹೊರಟದ್ದನ್ನು ಆಕೆ ನೋಡಿದ್ದಳು. ಯಾರೂ ಇದನ್ನು ಬಾಯಿಬಿಟ್ಟು ಕಲಿಸಿರಲಿಲ್ಲ. ನೀರು ಕುಡಿಯುವುದನ್ನು ಯಾರು ಕಲಿಸುತ್ತಾರೆ?

ಗುರುಲಿಂಗ ಹೋದಾಗ ಪಾಳಿ ಸೂಗಮ್ಮನದಿತ್ತು. ತಿಂಗಳ ಕೊನೆಗೆ ಗಡುವು. ಅದರ ಹಿಂದಿನ ದಿನ ನರಸಿಂಗ ಫೋನ್ ಮಾಡಿದ್ದ.

"ಅಕ್ಕಾ, ಊಟಾ ಮಾಡಾಕತ್ತೀರಿಲ್ರಿ?"

"ಹೂಂ."

"ನನ್ನ ಕಡಿಂದ ಏನರ ಆಗೂದಿದ್ರ ಹೇಳ್ರಿ. ಸಂಕೋಚ ಮಾಡಬ್ಯಾಡ್ರಿ."

"ಹೂಂ ತಮ್ಮಾ."

ಪಾಳಿ ಎತ್ತಿಕೊಂಡಿದ್ದಾನೆ, ಅದನ್ನು ಬಾಯಿಬಿಟ್ಟು ಹೇಳಲಾರದೆ ಊಟದ ಮಾತಾಡುತ್ತಿದ್ದಾನೆ ಎಂದುಕೊಂಡಳು ಸೂಗಮ್ಮ. ಫೋನ್ ಇಟ್ಟಳು. ಮತ್ತೆ ಗೋಡೆ ನೋಡುತ್ತ ಕೂತಳು.

ದೀಪಾವಳಿಯ ರಜೆ ಮುಗಿದು ಗ್ರಂಥಾಲಯದ ಬಾಗಿಲು ತೆಗೆದ ದಿನ ಮೊದಲು ಬಂದವಳು ಸ್ನೇಹಲ. ರಾಜೇಶ್ವರದ ಹುಡುಗಿ, ಅಪ್ಪ ಅವ್ವ ಹೊಲದ ಕೂಲಿ. ತೊಗರಿ ಗಿಡ ನಿಂತಲ್ಲೇ ಸೊರಗಿ ಸಾಯುವ ನೆಟೆ ರೋಗದ ಮೇಲೆ ಆಕೆಯ ಪಿಎಚ್.ಡಿ. ಜನವರಿಗೆ ಆಕೆಯ ನೋಂದಣಿಯ ಅವಧಿ ಮುಗಿಯುತ್ತಿತ್ತು. ಬೇರೆ ದೇಶದವರು ಈಚೆಗೆ ಮಾಡಿದ ಕೆಲಸವನ್ನೆಲ್ಲ ಓದಿ ಒಂದು ಅಧ್ಯಾಯ ಸೇರಿಸದೆ ಪ್ರಬಂಧ ಒಪ್ಪುವುದಿಲ್ಲವೆಂದು ಮಾರ್ಗದರ್ಶಕರು ಹೇಳಿಬಿಟ್ಟಿದ್ದರು.

ಆಕೆ ಕಂಪ್ಯೂಟರಿನ ಮುಂದೆ ಕೂತು, ಎದ್ದು, ಮತ್ತೆ ಕೂತಳು.

"ಮೇಡಂ, ಬಂದ್ ಆಗ್ಯಾದ್ರಿ."

"ಕರೆಂಟ್ ಹೋಗಿರಬೇಕು."

"ಕರೆಂಟ್ ಅದರಿ. ಸದಸ್ಯತ್ವಾನೇ ಬಂದ್ ಆಗ್ಯಾದ್ರಿ."

ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದರೆ ಅಲ್ಲಿಯ ಗುಮಾಸ್ತ ಸಮಾಧಾನದಿಂದಲೇ ಹೇಳಿದ. ಇ-ಮೇಲ್ ಬರಲಿಲ್ಲ, ಮುಚ್ಚಿತು, ಇನ್ನು ಏಪ್ರಿಲ್. ವಿದ್ಯಾರ್ಥಿನಿಗೆ ತೊಂದರೆಯಾಗಿದ್ದರೆ ಆರು ತಿಂಗಳು ಅವಧಿ ಹೆಚ್ಚಿಸಲು ಅವಕಾಶವಿದೆ. ಯಾವ ಗ್ರಂಥಪಾಲಕರ ನಿರ್ಲಕ್ಷ್ಯದಿಂದ ಹೀಗಾಯಿತೋ ಅವರ ಹೆಸರು, ಸಹಿ ಇರುವ ಪತ್ರ ಬೇಕು. ಹೆಸರು ಒಂದೇ ಇರಬೇಕು, ಎರಡು ನಡೆಯುವುದಿಲ್ಲ. ಎರಡೂ ಗ್ರಂಥಾಲಯಗಳ ಸೀಲು ಬೇಕು.

ಸ್ನೇಹಲ ಓಢಣಿಯ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಪತ್ರಾ ಸಿಗಲಿಲ್ಲಂದ್ರ ನನ್ನ ನೋಂದಣಿ ರದ್ದ ಆಗ್ತದ್ರಿ," ಅಂದಳು, ಬೇರೆ ಯಾರದೋ ವಿಷಯ ಹೇಳುವವಳಂತೆ.

ಸೂಗಮ್ಮ ಪತ್ರ ಟೈಪು ಮಾಡಿಸಿದಳು. ಹೆಸರಿನ ಜಾಗದಲ್ಲಿ ನರಸಿಂಗನ ಹೆಸರು ಹಾಕಿಸಿ, ತನ್ನ ಗ್ರಂಥಾಲಯದ ಸೀಲು ಹೊಡೆದಳು. ಅದರಲ್ಲಿ ದ್ವೇಷವಿರಲಿಲ್ಲ. ಸತ್ತ ಮನೆಯ ದೀಪ ಮುಂದಿನ ಮನೆ ಹಚ್ಚಲಿಲ್ಲ. ತಪ್ಪು ಮುಂದಿನ ಮನೆಯದು. ಅವಳ ಮನಸ್ಸಿನಲ್ಲಿ ಇದು ಅಷ್ಟು ಸರಳವಿತ್ತು.

ಮರುದಿನ ಇಬ್ಬರೂ ಹುಮನಾಬಾದಿನ ಬಸ್ಸು ಹತ್ತಿದರು. ಸಂತೆಯ ಗದ್ದಲಕ್ಕೆ ಕಂಡಕ್ಟರ್ ಕೂಗುತ್ತಿದ್ದ, "ಕೋಳಿಗಿ ಸೀಟ್ ಇಲ್ರೆವ್ವಾ, ಕೋಳಿ ತೊಡಿ ಮ್ಯಾಲ ಇಟ್ಕೋರಿ! ಟಿಕೀಟ್ ಕೇಳಂಗಿಲ್ಲ, ಕೂಗಬಾರ್ದು ಅಷ್ಟ!" ಬಸ್ಸು ನಕ್ಕಿತು. ಹುಮನಾಬಾದ್ ಹತ್ತಿರವಾದಾಗ ಕಾರ್ಖಾನೆಗಳ ಕಡೆಯಿಂದ ಔಷಧದ ಘಾಟು ಬಂತೆಂದು ಎಲ್ಲರೂ ಮೂಗಿಗೆ ಸೆರಗು, ಟವೆಲ್ಲು ಹಿಡಿದರು. ಸೂಗಮ್ಮ ಕೈ ಎತ್ತಲಿಲ್ಲ. ಅವಳಿಗೆ ವಾಸನೆ ಬಂದಿರಲಿಲ್ಲ.

ಕಾಲೇಜಿನ ಗ್ರಂಥಾಲಯದಲ್ಲಿ ಕಸಗುಡಿಸುವ ವಜೀರಬಿ ಕಂಪ್ಯೂಟರಿನ ಮೇಲೆ ಹಳೇ ಬಟ್ಟೆ ಆಡಿಸುತ್ತಿದ್ದಳು.

"ಬರ್ರಿ ಅಮ್ಮಾ, ಬರ್ರಿ. ಮುಚ್ಚಿದ ಡಬ್ಬಿಗಿ ದಿನಾ ಮಾರಿ ತೊಳಸಾಕತ್ತೀನಿ. ನರಸಿಂಗಸಾಬ್ ಅದರ ಮುಂದ ಕುಂತು ಸಸುರಾಲಿನಾಗ ಅತ್ತಿ ಮಾವನ ಕೂಡ ಜಗಳಾಡಿ ಬಂದಾಂವ್ನಂಗ ಮಾರಿ ಮಾಡ್ತಾರ."

"ಚಾ ತರ್ತಿಯೇನ್ ವಜೀರಬಿ," ಅಂದ ನರಸಿಂಗ ಎದ್ದು ನಿಂತು.

"ತರ್ತೀನಿ. ಸಕ್ಕರಿ ನಿಮ್ಮ ಮಾರಿಗಿ ಬ್ಯಾರೆ ತರ್ಲೇನು?" ಅನ್ನುತ್ತ ಆಕೆ ಹೋದಳು.

ಸೂಗಮ್ಮ ಪತ್ರ ಮುಂದಿಟ್ಟಳು. ನರಸಿಂಗ ತನ್ನ ಹೆಸರಿರುವ ಸಾಲಿನತನಕ ಓದಿ ನಿಂತ. ಮತ್ತೆ ಮೊದಲಿಂದ ಓದಿದ.

"ಅಕ್ಕಾ, ಇದರ ಮ್ಯಾಲ ಸಹಿ ಮಾಡಿದ್ರ ಮುಂದಿನ ವರ್ಷ ನನಗ ಇಲ್ಲಿ ಇಟ್ಕೊಳ್ಳಂಗಿಲ್ರಿ."

"ಈ ಹುಡುಗೀದು ರದ್ದ ಆಗ್ತದ ತಮ್ಮಾ."

"ಅದು ಖರೇರಿ." ಅವನು ಸ್ನೇಹಲಳ ಕಡೆ ನೋಡಿದ. ಪೆನ್ನಿನ ಟೋಪಿ ತೆಗೆದ. "ಹುಡುಗಿ ಸಲುವಾಗಿ ಮಾಡ್ತೀನ್ರಿ. ಆದ್ರ ಒಂದು ಕೇಳ್ತೀನಿ. ಪಾಳಿ ನಿಮ್ಮದಿತ್ತಲ್ರಿ?"

"ಹೌದು, ನನ್ನದ. ನನ್ನ ಮನ್ಯಾಗ ಸಾವಾಗಿತ್ತು. ಕೈ ಎದ್ದಿರಲಿಲ್ಲ. ಮುಂದಿನ ಮನಿಯವ್ರು ಕೇಳ್ದೆ ಹಚ್ಚಬೇಕು. ದೀಪದ ಪಾಳಿ ಅಂದ್ರ ಅದೇ ಅಲ್ಲೇನು? ಮೊದಲನೇ ದಿನಾನೇ ನಿನಗ ಹೇಳೀನಿ."

"ಕೇಳ್ದೆ ಹಚ್ಚೂದೇನ್ರಿ?"

"ಹೂಂ. ಅಷ್ಟೂ ಗೊತ್ತಿಲ್ಲೇನು?"

ನರಸಿಂಗ ಪೆನ್ನನ್ನು ಪತ್ರದ ಮೇಲೆ ಅಡ್ಡ ಇಟ್ಟ. ದನಿ ಏರಿಸಲಿಲ್ಲ.

"ನಮ್ಮ ಹಿರೀಕರ ಊರೂ ಹುಡಗೀನೇರಿ ಅಕ್ಕಾ. ಅಲ್ಲಿ ನಮ್ಮ ಓಣಿಗಿ ಆ ದೀಪದ ಪಾಳಿ ಯಾವಾಗರ ಬಂದದೇನ್ರಿ? ನಮ್ಮ ಮುತ್ತ್ಯಾ ಆ ಗುಡಿ ಕಟ್ಟೀಗಿ ಕಲ್ಲು ಹೊತ್ತಾನ. ಎಣ್ಣಿ ಮಾತ್ರ ಮುಟ್ಟಿಲ್ಲ. ಅದರ ರೀತಿ ನನಗ ಹ್ಯಾಂಗ ಗೊತ್ತಾಗಬೇಕ್ರಿ? ನಮ್ಮಲ್ಲಿ ಸತ್ತ ಮನಿ ಕೆಲಸಕ್ಕ ಕರೀಲಾರದ ಕೈ ಹಾಕಿದ್ರ, 'ನಿಮ್ಮ ಮನಿ ಮುಗೀತು, ಇನ್ನ ನಂದ' ಅಂದಂಗ ಆಗ್ತದ. ಹೇಳ್ತೀರೇನಂತ ಫೋನ್ ಮಾಡ್ದೆ. ನೀವು ಹೂಂ ಅಂದ್ರಿ. ಮಾಡಾಕತ್ತೀರಿ ಅಂತ ತಿಳಕೊಂಡೆ."

ಸ್ನೇಹಲ ನೆಲ ನೋಡುತ್ತ ನಿಂತಿದ್ದಳು. ಈ ಮಾತು ಆಕೆಗೆ ಹೊಸದಲ್ಲವೆಂದು ಆ ನಿಂತ ರೀತಿಯಲ್ಲೇ ತಿಳಿಯುತ್ತಿತ್ತು.

ವಜೀರಬಿ ಚಹಾ ತಂದಿಟ್ಟು, ಮೂವರ ಮುಖ ನೋಡಿ ಹೊರಗೆ ಹೋದಳು.

ಸೂಗಮ್ಮ ಲೋಟ ಹಿಡಿದುಕೊಂಡು ಕೂತಳು. ತವರಿನ ಗುಡಿ ಕಣ್ಣ ಮುಂದೆ ಬಂತು. ಅವ್ವ ಸೆರಗಿನಡಿ ಶೀಸೆ ಹಿಡಿದು ಹೋಗುತ್ತಿದ್ದ ಹಾದಿ ಬಂತು. ಆ ಹಾದಿ ಎಲ್ಲಿ ತಿರುಗುತ್ತಿತ್ತೋ ಅದರಾಚೆ ಒಂದು ಓಣಿಯಿತ್ತು. ಅಲ್ಲಿಯ ಮನೆಗಳಿಗೆ ಪಾಳಿಯ ಯಾವ ತಿಂಗಳೂ ಇರಲಿಲ್ಲ. ಇಷ್ಟು ವಯಸ್ಸಾಯಿತು, ಆ ಓಣಿಯನ್ನು ತಾನು ಎಣಿಕೆಗೆ ತಂದುಕೊಂಡಿರಲಿಲ್ಲ. ನಾಚಿಕೆಯಾಗಬೇಕಿತ್ತು. ಬರಲೆಂದು ಕಾದಳು. ಬರಲಿಲ್ಲ. ಚಹಾ ಬಿಸಿಯೋ ಆರಿದೆಯೋ ಅದೂ ತಿಳಿಯಲಿಲ್ಲ.

ಆದರೆ ಕೈ ಎದ್ದಿತು. ನರಸಿಂಗ ಇಟ್ಟ ಪೆನ್ನು ತೆಗೆದುಕೊಂಡು, ಅವನ ಹೆಸರಿಗೆ ಗೆರೆ ಎಳೆದು, ಮೇಲೆ ತನ್ನ ಹೆಸರು ಬರೆದಳು. ಕೆಳಗೆ ಸಹಿ ಮಾಡಿದಳು.

"ಅಕ್ಕಾ, ನಿಮ್ಮ ಸರ್ವಿಸ್ ಬುಕ್ಕಿನ್ಯಾಗ ಕಲೆ ಬೀಳ್ತದ್ರಿ."

"ಬೀಳಲಿ. ಸೀಲ್ ಹೊಡಿ."

ಅವನು ಸೀಲು ಹೊಡೆದ. ಸ್ನೇಹಲ ಪತ್ರವನ್ನು ಒಂದು ಪುಸ್ತಕದೊಳಗೆ ಇಟ್ಟು, ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಳು. ವಾಪಸು ಬಸ್ಸಿನಲ್ಲಿ ರಾಜೇಶ್ವರ ಬಂದಾಗ ಇಳಿಯುವ ಮುಂಚೆ "ಬರ್ತೀನ್ರಿ ಮೇಡಂ" ಅಂದಳು. ಅದರ ಮೇಲೆ ಏನೋ ಹೇಳುವುದಿತ್ತು, ಕಂಡಕ್ಟರ್ ಸೀಟಿ ಊದಿಬಿಟ್ಟ.

ಅವಧಿ ಹೆಚ್ಚಿತು. ಸೂಗಮ್ಮನಿಗೆ ವಿವರಣೆ ಕೇಳಿ ಒಂದು ಕಾಗದ ಬಂತು. 'ಒಪ್ಪಿದ್ದೇನೆ' ಎಂದಷ್ಟೇ ಬರೆದು ಕಳಿಸಿದಳು. ಚಳಿ ಹೋಯಿತು, ತೊಗರಿ ಕಟಾವಾಯಿತು. ಬೆಳಿಗ್ಗೆ ಅಂಗೈ ಮೇಲೆ ಲಿಂಗ ಕೂರುತ್ತಿತ್ತು. ಆಕೆ ಅದರೆದುರು ಕೂರುತ್ತಿದ್ದಳು. ಬೇರೇನೂ ನಡೆಯುತ್ತಿರಲಿಲ್ಲ. ಕೂರುವುದನ್ನು ಮಾತ್ರ ಬಿಡಲಿಲ್ಲ.

ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ಮೊದಲ ಪಾಳಿ ಹುಮನಾಬಾದಿನದೆಂದು ಸೂಗಮ್ಮ ಬರೆದು ಕಳಿಸಿದ್ದಳು. ಪಾಸ್‌ವರ್ಡನ್ನು ಫೋನಿನಲ್ಲೇ ಹೇಳಬಹುದಿತ್ತು. ಆಕೆ ಅಂಗಡಿಯಲ್ಲಿ ಗುರುಲಿಂಗ ತೂಗಿಡುತ್ತಿದ್ದ ಕುಸುಬಿ ಎಣ್ಣೆಯ ಒಂದು ಶೀಸೆ ತೆಗೆದುಕೊಂಡು, ಸೆರಗಿನಡಿ ಇಟ್ಟು, ಬಸ್ಸು ಹತ್ತಿದಳು. ಈ ಸಲ ಕಾಲೇಜಿಗೆ ಹೋಗಲಿಲ್ಲ. ಹುಮನಾಬಾದಿನಲ್ಲಿ ಕೇಳುತ್ತ ಕೇಳುತ್ತ ನರಸಿಂಗನ ಮನೆಗೆ ಹೋದಳು.

ಅವನ ಹೆಂಡತಿ ಸುಮನಬಾಯಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಗುರುತಿಲ್ಲದ ಹೆಂಗಸು ಎಣ್ಣೆಯ ಶೀಸೆ ಚಾಚಿ ನಿಂತದ್ದು ನೋಡಿ ಗಾಬರಿಯಾದಳು.

"ನಾವು ಎಣ್ಣಿ ಹೇಳಿಲ್ಲಲ್ರಿ ಬಾಯಿ. ಮಾರಾಕ ಬಂದೀರೇನು?"

"ಮಾರಾಕಲ್ಲ ತಂಗಿ. ಪಾಳಿ ಎಣ್ಣಿ. ಮುಂದಿನ ಮನಿ ಹೆಣ್ಮಗಳ ಕೈಯಾಗೇ ಕೊಡಬೇಕು."

ಒಳಗಿಂದ ಬಂದ ನರಸಿಂಗ ಹೊಸಿಲಲ್ಲೇ ನಿಂತುಬಿಟ್ಟ. "ಅಕ್ಕಾ," ಅಂದ.

"ನಾ ಮೊದಲೇ ಕೊಟ್ಟು ಹೇಳಬೇಕಿತ್ತು. ಈಗ ಹೇಳ್ತೀನಿ ಕೇಳು. ನನ್ನ ಮನ್ಯಾಗ ಏನರ ಆದ್ರ ಕೇಳಬ್ಯಾಡ, ನೀ ಹಚ್ಚು."

"ನಮ್ಮ ಮನ್ಯಾಗ ಆದ್ರೇನ್ರಿ?"

"ನಾ ಕೇಳಂಗಿಲ್ಲ. ಹಚ್ತೀನಿ."

ಸುಮನಬಾಯಿ ಗಂಡನ ಮುಖ ನೋಡಿದಳು, ಕೈ ಸೆರಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಶೀಸೆ ತೆಗೆದುಕೊಂಡಳು. "ದೀಪಕ್ಕ ಅಷ್ಟೇ ಅಂತೇನ್ರಿ, ಒಗ್ಗರಣಿಗಿ ನಡೀತದೋ?"

"ನಡೀತದ. ಮೊದಲ ದೀಪಕ್ಕ."

"ಕುಂಡ್ರಿ ಮತ್ತ. ನೀರು ಕುಡೀರಿ."

ಬಿಸಿಲು ಜೋರಿತ್ತು. ಸುಮನಬಾಯಿ ಗಡಿಗೆಯ ನೀರನ್ನು ಹಿತ್ತಾಳೆಯ ತಂಬಿಗೆಯಲ್ಲಿ ತಂದು ಕೊಟ್ಟಳು, ಕೊಟ್ಟು ಅಲ್ಲೇ ನಿಂತಳು, ಕುಡಿಯುತ್ತಾಳೋ ಇಲ್ಲವೋ ಎಂದು. ಸೂಗಮ್ಮ ತಂಬಿಗೆ ಎತ್ತಿದಳು. ನೀರು ಗಂಟಲಿಗೆ ಬಿತ್ತು, ಎದೆಯ ನಡುವೆ ಇಳಿಯಿತು. ಅದರ ತಂಪು ಎಲ್ಲಿತನಕ ಇಳಿಯಿತೆಂಬುದು ಅವಳಿಗೆ ತಿಳಿಯಿತು.

"ಇನ್ನೊಂದಿಷ್ಟು ಹಾಕು ತಂಗಿ," ಅಂದಳು ತಂಬಿಗೆ ಚಾಚಿ.