ಲವಂಗದೆಣ್ಣೆಯ ಒಂಬತ್ತನೇ ದಿನ

ಕಾಳು ಕೊರೆಯುವ ಹುಳುಗಳಿಗೆ ಗಿಡದ ಎಣ್ಣೆಗಳಲ್ಲೇ ಮದ್ದು ಹುಡುಕುವ ಪ್ರಯೋಗಾಲಯವದು. ಸತ್ತ ಹುಳುಗಳನ್ನು ಎಣಿಸುವುದು ಅವಳ ಕೆಲಸ. ಮೂರು ವರ್ಷ ಎಣಿಸಿ ಎಣಿಸಿ ಅವಳ ಕಣ್ಣುಗಳು ಸೋತಿದ್ದವು. ಈ ಸಲ ಲವಂಗದೆಣ್ಣೆ ಸವರಿದ ಕಾಳಿನ ಡಬ್ಬಿಗಳಿಗೆ ದಿನವೂ ಹೊಸ ಹುಳು ಬಿಟ್ಟಳು. ಎಂಟು ದಿನ ಒಂದೂ ಬದುಕಲಿಲ್ಲ. ಒಂಬತ್ತನೇ ದಿನ ಎಣ್ಣೆಯ ಘಾಟು ಹಾರಿಹೋಗಿ, ಹುಳುಗಳು ಆರಾಮಾಗಿ ಕಾಳು ಕೊರೆಯತೊಡಗಿದವು.

"ಎಂಟು ದಿನದ್ದು ಬರೆದ್ರೆ ಸಾಕಲ್ವೇನಮ್ಮಾ?" ಎಂದರು ಮೇಲಧಿಕಾರಿ. ವರದಿ ಕೊಡಲು ಅವರಿಗೂ ಮೇಲಿನಿಂದ ಒತ್ತಾಯವಿತ್ತು.

"ಕಾಳು ಕೂಡಿಡೋರು ಎಂಟು ದಿನಕ್ಕೆ ಅಂತ ಇಡಲ್ಲ ಸರ್, ವರ್ಷಕ್ಕೆ ಇಡ್ತಾರೆ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಸರಿ, ಒಂಬತ್ತನೇದನ್ನೂ ಬರಿ. ನಾಳೆಯಿಂದ ಮತ್ತೆ ಶುರು ಮಾಡೋಣ."

ಸಂಜೆ ಮನೆಗೆ ಬಂದಾಗ ಜಗುಲಿಯಲ್ಲಿದ್ದ ಅತ್ತೆ ಮೂಗರಳಿಸಿದರು. "ಹಲ್ಲುನೋವೇನೇ? ಮೈಯೆಲ್ಲ ಲವಂಗ!"

"ಇಲ್ಲ ಅತ್ತೆ, ಕೆಲಸದ ವಾಸನೆ."

"ಹಾಗಾದ್ರೆ ಒಳಗೆ ಹೋಗ್ಬೇಡ, ಇಲ್ಲೇ ಕೂತ್ಕೋ. ಸೊಳ್ಳೆ ನನ್ನ ತಿಂದುಹಾಕ್ತಿವೆ."

ಅವಳಿಗೆ ನಗು ಬಂತು. ಪಕ್ಕದಲ್ಲಿ ಕುಳಿತು ಅತ್ತೆಯ ಭುಜಕ್ಕೆ ತಲೆಯೊರಗಿಸಿದಳು. ಐದು ನಿಮಿಷದಲ್ಲಿ ನಿದ್ದೆ ಹತ್ತಿತು. ಒಲೆಯ ಮೇಲಿಟ್ಟ ಹಾಲು ನೆನಪಾದರೂ ಅತ್ತೆ ಅಲುಗಾಡಲಿಲ್ಲ. ಒಳಗಿದ್ದ ಮಗನನ್ನು ಮೆಲುದನಿಯಲ್ಲೇ ಕರೆದು ಒಲೆ ಆರಿಸಲು ಹೇಳಿದರು.